ವಂಡರ್ ಕಟ್ಟುವ ಮೊದಲು ಜಾಗ ನೋಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಟೋನ್‌ಹೆಂಜ್, ಡೆಲ್ಫಿ, ಒಲಿಂಪಿಯಾದಂಥ ಯುರೋಪಿನ ಹಳೆಯ ಪುಣ್ಯಸ್ಥಳಗಳನ್ನು ಸ್ಟ್ರಾಟೆಜಿ ಆಟಗಳಲ್ಲಿ ವಂಡರ್‌ಗಳಾಗಿ, ಅಂದರೆ ವಿಶೇಷ ಮಹಾಕಟ್ಟಡಗಳಾಗಿ, ಕಟ್ಟುವವರಿಂದ ಈ ಸಲ ಬಹಳ ಪತ್ರ ಬಂದಿವೆ. ಹೆಚ್ಚಿನವರ ದೂರು "ನನಗಿಂತ ಮೊದಲು ಬೇರೆಯವರು ಮುಗಿಸಿದರು" ಎಂದು. ಪತ್ರಗಳನ್ನು ಓದಿದರೆ ತೊಂದರೆ ಅದಕ್ಕೂ ಹಿಂದೆಯೇ, ಜಾಗ ಆರಿಸುವಾಗಲೇ ಶುರುವಾಗಿರುತ್ತದೆ. ಕೆಳಗಿನ ಲೆಕ್ಕಗಳಲ್ಲಿ ಸಿವಿಲೈಜೇಷನ್ 6 (ಸಿವ್ 6) ಎಂದಿರುವಲ್ಲಿ ಸ್ಟ್ಯಾಂಡರ್ಡ್ ವೇಗ ಎಂದು ತಿಳಿಯಿರಿ; ಆ ಆಟದಲ್ಲಿ ಪ್ರತಿ ವಂಡರ್ ಲೋಕಕ್ಕೆ ಒಂದೇ, ಮೊದಲು ಮುಗಿಸಿದವರಿಗೆ. ಆನ್‌ಲೈನ್ ವೇಗದಲ್ಲಿ ವೆಚ್ಚ ಅರ್ಧ, ಎಪಿಕ್‌ನಲ್ಲಿ ಒಂದೂವರೆ ಪಟ್ಟು, ಮ್ಯಾರಥಾನ್‌ನಲ್ಲಿ ಮೂರು ಪಟ್ಟು.

ಪ್ರಶ್ನೆ: ಸಿವ್ 6ರಲ್ಲಿ ಸ್ಟೋನ್‌ಹೆಂಜ್ ಮುಗಿಯಲು ಐದಾರು ಟರ್ನ್ (ಸರದಿ) ಬಾಕಿ ಇರುವಾಗ ಯಾರೋ ಕಟ್ಟಿ ಮುಗಿಸುತ್ತಾರೆ. ಕೆಲವು ಆಟಗಳಲ್ಲಂತೂ ಆಸ್ಟ್ರಾಲಜಿ ವಿದ್ಯೆ ಕಲಿತ ಮೇಲೂ ಜಾಗವೇ ತೋರಿಸುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? (ರಾಜಾಜಿನಗರ)

ಎರಡನೆಯದಕ್ಕೆ ಮೊದಲು ಉತ್ತರ. ಸ್ಟೋನ್‌ಹೆಂಜ್‌ಗೆ ಸಮತಟ್ಟಾದ ಟೈಲ್ (ನಕ್ಷೆಯ ಒಂದು ಮನೆ) ಬೇಕು, ಅದರ ಪಕ್ಕದಲ್ಲಿ 'ಸ್ಟೋನ್' ಸಂಪನ್ಮೂಲ ಇರಬೇಕು, ಮತ್ತು ಆ ಟೈಲ್ ನಗರ ಕೇಂದ್ರದಿಂದ ಮೂರು ಟೈಲ್ ಒಳಗೆ ನಿಮ್ಮ ಗಡಿಯಲ್ಲಿರಬೇಕು. ಕಲ್ಲು ಕಣ್ಣೆದುರಿಗೇ ಇದ್ದರೂ ಸುತ್ತಲಿನ ಆರೂ ಟೈಲ್ ಗುಡ್ಡವಾಗಿದ್ದರೆ ಆಯ್ಕೆಯೇ ಬರುವುದಿಲ್ಲ. ಇನ್ನೊಂದು ಸಾಮಾನ್ಯ ಎಡವಟ್ಟೂ ಇದೆ. ಸ್ಟೋನ್ ಬೋನಸ್ ಸಂಪನ್ಮೂಲ. ಬಿಲ್ಡರ್ ಕೈಯಲ್ಲಿ ಅದನ್ನು 'ಹಾರ್ವೆಸ್ಟ್' ಮಾಡಿಸಿದರೆ ಅಥವಾ ಅದರ ಮೇಲೆಯೇ ಒಂದು ಡಿಸ್ಟ್ರಿಕ್ಟ್ (ನಗರದ ವಿಶೇಷ ಬಡಾವಣೆ) ಕೂರಿಸಿದರೆ ಕಲ್ಲು ನಕ್ಷೆಯಿಂದಲೇ ಅಳಿಸಿಹೋಗುತ್ತದೆ, ಜೊತೆಗೆ ಸ್ಟೋನ್‌ಹೆಂಜ್ ಆಸೆಯೂ. ಕ್ವಾರಿ ಹಾಕಿದರೆ ಏನೂ ತೊಂದರೆಯಿಲ್ಲ.

ಈಗ ಓಟದ ವಿಷಯ. ವೆಚ್ಚ 180 ಪ್ರೊಡಕ್ಷನ್ (ನಗರ ಪ್ರತಿ ಟರ್ನ್ ಹಾಕುವ ದುಡಿಮೆ). ರಾಜಧಾನಿಯ ಪ್ರೊಡಕ್ಷನ್ 6 ಇದ್ದರೆ 30 ಟರ್ನ್, 8 ಇದ್ದರೆ 23, 10 ಇದ್ದರೆ 18. ಮೇಲಿನ ಮಟ್ಟದ ಕಷ್ಟದಲ್ಲಿ ಆಡುತ್ತಿದ್ದರೆ 30 ಟರ್ನ್ ಕಾಯುವುದು ಸೋಲನ್ನು ಕಾಯುವುದೇ. ಬೆಲೆ ತಗ್ಗಿಸಲು ಎಲ್ಲರೂ ಹೇಳುವ ಉಪಾಯ ಕೋರ್ವೇ ಪಾಲಿಸಿ ಕಾರ್ಡ್ (ಸರ್ಕಾರದ ಖಾನೆಯಲ್ಲಿ ಹಾಕುವ ನೀತಿ): ಪ್ರಾಚೀನ ಮತ್ತು ಕ್ಲಾಸಿಕಲ್ ಯುಗದ ವಂಡರ್‌ಗಳಿಗೆ ಶೇ. 15 ಹೆಚ್ಚು ಪ್ರೊಡಕ್ಷನ್. 8 ಪ್ರೊಡಕ್ಷನ್ ನಗರ ಆಗ 20 ಟರ್ನ್‌ನಲ್ಲಿ ಮುಗಿಸುತ್ತದೆ. 'ಮಾನ್ಯುಮೆಂಟ್ ಟು ದ ಗಾಡ್ಸ್' ಪ್ಯಾಂಥಿಯನ್ (ಧರ್ಮಕ್ಕೂ ಮೊದಲು ಆರಿಸುವ ನಂಬಿಕೆ) ಕೂಡ ಸಿಕ್ಕಿದರೆ ಇನ್ನೂ ಶೇ. 15, ಅಂದರೆ 18 ಟರ್ನ್. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕೋರ್ವೇ ಬರುವುದು ಸ್ಟೇಟ್ ವರ್ಕ್‌ಫೋರ್ಸ್ ಎಂಬ ಸಿವಿಕ್‌ನಿಂದ (ಸಾಮಾಜಿಕ ವಿದ್ಯೆ), ಅದನ್ನು ಬೇಗ ಕಲಿಸುವ 'ಇನ್ಸ್‌ಪಿರೇಷನ್' ಸಿಗುವುದು ಒಂದು ಡಿಸ್ಟ್ರಿಕ್ಟ್ ಕಟ್ಟಿದಾಗ. ಸ್ಟೋನ್‌ಹೆಂಜ್‌ಗೆ ಓಡುವವರು ಡಿಸ್ಟ್ರಿಕ್ಟ್ ಕಟ್ಟಿರುವುದಿಲ್ಲ. ಪ್ಯಾಂಥಿಯನ್‌ಗೆ 25 ಫೇತ್ (ಭಕ್ತಿಯ ಅಂಕ) ಬೇಕು, ಅದಕ್ಕೆ ಗಾಡ್-ಕಿಂಗ್ ಕಾರ್ಡ್ ಹಾಕಬೇಕು. ಗಾಡ್-ಕಿಂಗ್, ಕೋರ್ವೇ ಎರಡೂ ಆರ್ಥಿಕ ಕಾರ್ಡ್‌ಗಳು, ಮೊದಲ ಸರ್ಕಾರದಲ್ಲಿ ಆರ್ಥಿಕ ಖಾನೆ ಒಂದೇ. ಹೀಗಾಗಿ ಕೋರ್ವೇ ಒರಾಕಲ್‌ಗೆ (ಡೆಲ್ಫಿಯ ವಂಡರ್) ಆಗುತ್ತದೆ, ಸ್ಟೋನ್‌ಹೆಂಜ್ ಹೊತ್ತಿಗೆ ಸಾಮಾನ್ಯವಾಗಿ ತಡ.

ಕೆಲಸಕ್ಕೆ ಬರುವುದು ಕಾಡು ಕಡಿಯುವುದು. ಮೈನಿಂಗ್ ಕಲಿತಿದ್ದರೆ ಬಿಲ್ಡರ್‌ನ ಒಂದು ಚಾರ್ಜ್‌ಗೆ ಆರಂಭದ ಹೊತ್ತಿನಲ್ಲಿ ಸುಮಾರು 20 ಪ್ರೊಡಕ್ಷನ್ ಒಮ್ಮೆಗೇ ಬರುತ್ತದೆ. ಮೂರು ಮರಗಾಡು ಎಂದರೆ ಒಟ್ಟು ವೆಚ್ಚದ ಮೂರನೇ ಒಂದು ಭಾಗ. ಒಂದು ಎಚ್ಚರಿಕೆ: ವಂಡರ್ ಕೆಲಸ ಪಟ್ಟಿಯ ಮೊದಲಲ್ಲಿ ನಡೆಯುತ್ತಿರುವಾಗಲೇ ಕಡಿಯಿರಿ, ಇಲ್ಲದಿದ್ದರೆ ಆ 20 ನಿಮ್ಮ ಸ್ಕೌಟ್‌ಗೋ ಸ್ಲಿಂಗರ್‌ಗೋ ಹೋಗುತ್ತದೆ. ಚೀನಾದ ಚಿನ್ ಷಿ ಹುವಾಂಗ್ ಆಡುತ್ತಿದ್ದರೆ ಮಾತೇ ಬೇರೆ. ಅವನ ಬಿಲ್ಡರ್‌ನ ಒಂದೊಂದು ಚಾರ್ಜ್ ಮೂಲ ವೆಚ್ಚದ ಶೇ. 15 ತುಂಬುತ್ತದೆ, ಅಂದರೆ 27. ನಾಲ್ಕು ಚಾರ್ಜ್‌ನ ಒಬ್ಬನೇ ಬಿಲ್ಡರ್ 108 ತುಂಬಿದ ಮೇಲೆ ಉಳಿಯುವುದು 72.

ಇಷ್ಟೆಲ್ಲ ಮಾಡುವ ಮುಂಚೆ ಕೇಳಿಕೊಳ್ಳಬೇಕಾದದ್ದು ಇದು: ನಿಮಗೆ ಬೇಕಿರುವುದು ಸ್ಟೋನ್‌ಹೆಂಜೋ, ಧರ್ಮವೋ? ಅದು ಕೊಡುವುದು ಒಬ್ಬ ಗ್ರೇಟ್ ಪ್ರಾಫೆಟ್ (ಧರ್ಮ ಸ್ಥಾಪಿಸುವ ಮಹಾಪುರುಷ) ಮತ್ತು ಟರ್ನ್‌ಗೆ 2 ಫೇತ್. ಪ್ರಾಫೆಟ್‌ನನ್ನು ಸ್ಟೋನ್‌ಹೆಂಜ್ ಟೈಲ್ ಮೇಲೆ ನಿಲ್ಲಿಸಿಯೇ ಧರ್ಮ ಸ್ಥಾಪಿಸಬಹುದು, ಹೋಲಿ ಸೈಟ್ (ಧರ್ಮದ ಡಿಸ್ಟ್ರಿಕ್ಟ್) ಬೇಕಿಲ್ಲ. ಅದೇ ಧರ್ಮಕ್ಕೆ ಇನ್ನೊಂದು ದಾರಿಯ ಲೆಕ್ಕ ನೋಡಿ. ಹೋಲಿ ಸೈಟ್ ಆರಂಭದಲ್ಲಿ 54, ಅದರೊಳಗಿನ ಶ್ರೈನ್ 70, ಒಟ್ಟು 124. ಎರಡೂ ಸೇರಿ ಟರ್ನ್‌ಗೆ 2 ಪ್ರಾಫೆಟ್ ಅಂಕ, ಮಿಸ್ಟಿಸಿಸಂ ಕಲಿತು ರೆವೆಲೇಷನ್ ಕಾರ್ಡ್ ಹಾಕುವ ಖಾನೆ ಸಿಕ್ಕರೆ 4. ಮೊದಲ ಪ್ರಾಫೆಟ್‌ಗೆ ಬೇಕಾದದ್ದು 60. ನಿಧಾನ ನಿಜ, ಆದರೆ ಈ 124 ಯಾರೂ ಕಸಿದುಕೊಳ್ಳಲಾಗದ ಆಸ್ತಿ. ಅಷ್ಟೇ ಅಲ್ಲ, ಸ್ಟೋನ್‌ಹೆಂಜ್‌ನಿಂದ ಧರ್ಮ ಸ್ಥಾಪಿಸಿದರೂ ಮಿಷನರಿ ಕೊಳ್ಳಲು ಹೋಲಿ ಸೈಟ್ ಮತ್ತು ಶ್ರೈನ್ ಕಟ್ಟಲೇಬೇಕು. ಎಂಟು ಆಟಗಾರರ ಸ್ಟ್ಯಾಂಡರ್ಡ್ ನಕ್ಷೆಯಲ್ಲಿ ಐದು ಧರ್ಮಗಳಿಗೆ ಜಾಗವಿರುತ್ತದೆ, ಆದ್ದರಿಂದ ಮೊದಲಿಗರಾಗದಿದ್ದರೆ ಮುಳುಗಿತು ಎಂದೇನಿಲ್ಲ. ನಮ್ಮ ಸಲಹೆ: ಮೊದಲ ಹತ್ತು ಟರ್ನ್ ಒಳಗೆ ಕಲ್ಲು, ಪಕ್ಕದಲ್ಲಿ ಸಮತಟ್ಟು, ಎರಡು ಮೂರು ಮರಗಾಡು ಮೂರೂ ಕಂಡರೆ ಮಾತ್ರ ಕೈಹಾಕಿ. ಇಲ್ಲವೇ ಸುಮ್ಮನೆ ಹೋಲಿ ಸೈಟ್ ಕಟ್ಟಿ.

ಪ್ರಶ್ನೆ: ನಿಜವಾದ ಸ್ಟೋನ್‌ಹೆಂಜ್ ಕೂಡ ಕಲ್ಲುಗಣಿಯ ಪಕ್ಕದಲ್ಲೇ ಇದೆಯೇ? ಡ್ರೂಯಿಡ್ ಪುರೋಹಿತರು ಕಟ್ಟಿದ್ದು ಅನ್ನುತ್ತಾರಲ್ಲ? (ಬಸವನಗುಡಿ)

ಆಟದ ನಿಯಮ ಇಲ್ಲಿ ಇತಿಹಾಸಕ್ಕೆ ತಲೆಕೆಳಗು. ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನ ಆ ಜಾಗದ ಬೆರಗೇ ಕಲ್ಲುಗಳು ದೂರದಿಂದ ಬಂದದ್ದು. ಸಾರ್ಸನ್ ಎಂಬ ದೊಡ್ಡ ಕಲ್ಲುಗಳು, ಒಂದೊಂದೂ ಸರಾಸರಿ 25 ಟನ್, ಬಂದದ್ದು ಸುಮಾರು 25 ಕಿ.ಮೀ. ದೂರದ ವೆಸ್ಟ್ ವುಡ್ಸ್ ಕಡೆಯಿಂದ. ಚಿಕ್ಕ ನೀಲಿಗಲ್ಲುಗಳು ವೇಲ್ಸ್‌ನ ಪ್ರೆಸೆಲಿ ಗುಡ್ಡಗಳಿಂದ, 200 ಕಿ.ಮೀ.ಗೂ ಆಚೆಯಿಂದ, ಬೆಂಗಳೂರಿನಿಂದ ಚಿತ್ರದುರ್ಗದಾಚೆಗೆ ಹೋಗಿ ಕಲ್ಲು ತಂದ ಹಾಗೆ, ಅದೂ ಕಬ್ಬಿಣವಿಲ್ಲದ ಕಾಲದಲ್ಲಿ. ನಡುವೆ ಮಲಗಿರುವ 'ಆಲ್ಟರ್ ಸ್ಟೋನ್' ಈಶಾನ್ಯ ಸ್ಕಾಟ್ಲೆಂಡಿನ ಬಂಡೆ ಎಂದು 2024ರಲ್ಲಿ ಗೊತ್ತಾಯಿತು. ಅದು ಸುಮಾರು 750 ಕಿ.ಮೀ., ಅಂದರೆ ನಮ್ಮಲ್ಲಿಂದ ಬೀದರ್ ದಾಟಿದ ದೂರ.

ಡ್ರೂಯಿಡರು ಕಟ್ಟಿದ್ದಲ್ಲ. ಸುತ್ತಲಿನ ಮಣ್ಣಿನ ದಿಬ್ಬ ಮತ್ತು ಹಳ್ಳ ಸುಮಾರು ಕ್ರಿ.ಪೂ. 3000ದ್ದು, ಸಾರ್ಸನ್ ವೃತ್ತ ಸುಮಾರು ಕ್ರಿ.ಪೂ. 2500ರದ್ದು. ಡ್ರೂಯಿಡರ ಸುದ್ದಿ ಬರಹಗಳಲ್ಲಿ ಕಾಣಿಸುವುದು ಅದಾಗಿ ಎರಡು ಸಾವಿರ ವರ್ಷಗಳ ಮೇಲೆ. 17ನೇ ಶತಮಾನದ ಜಾನ್ ಆಬ್ರಿ, 18ನೇ ಶತಮಾನದ ವಿಲಿಯಂ ಸ್ಟೂಕ್ಲಿ ಎಂಬ ಪ್ರಾಚ್ಯಾಸಕ್ತರು ಕಟ್ಟಿದ ನಂಟು ಅದು, ಇವತ್ತಿಗೂ ಬಿಡಿಸಲಾಗಿಲ್ಲ. ಕಲ್ಲಿನ ಕೆಲಸದಲ್ಲಿ ಗಮನಿಸಬೇಕಾದದ್ದು ಜೋಡಣೆ: ಕಂಬದ ತಲೆಯ ಮೇಲೆ ಒಂದು ಗುಬುಟು, ಅಡ್ಡಗಲ್ಲಿನ ಅಡಿಯಲ್ಲಿ ಅದು ಕೂರುವ ಗುಳಿ. ಬಡಗಿ ಬಾಗಿಲ ಚೌಕಟ್ಟು ಸೇರಿಸುವ ರೀತಿಯನ್ನೇ ಕಲ್ಲಿಗೂ ಹಾಕಿದ್ದಾರೆ.

ಪ್ರಶ್ನೆ: ಒರಾಕಲ್ 290 ಪ್ರೊಡಕ್ಷನ್‌ಗೆ ತಕ್ಕ ವಂಡರ್ ಅಲ್ಲ ಎಂದು ನನ್ನ ಅನಿಸಿಕೆ. ಕೊಡುವುದು 1 ಕಲ್ಚರ್, 1 ಫೇತ್ ಅಷ್ಟೆ. (ಮಲ್ಲೇಶ್ವರ)

ನೀವು ಮೊದಲ ಸಾಲು ಮಾತ್ರ ಓದಿದ್ದೀರಿ. ಒರಾಕಲ್ ಇರುವ ನಗರದಲ್ಲಿ ಪ್ರತಿ ಡಿಸ್ಟ್ರಿಕ್ಟ್ ತನ್ನ ಬಗೆಯ ಗ್ರೇಟ್ ಪರ್ಸನ್ ಅಂಕವನ್ನು 2 ಹೆಚ್ಚಿಗೆ ಕೊಡುತ್ತದೆ. ಬರೀ ಕ್ಯಾಂಪಸ್ (ವಿದ್ಯೆಯ ಡಿಸ್ಟ್ರಿಕ್ಟ್) ಟರ್ನ್‌ಗೆ 1 ವಿಜ್ಞಾನಿ ಅಂಕ ಕೊಡುತ್ತಿದ್ದರೆ ಈಗ 3. ಇದರ ಮೇಲೆ ಫೇತ್ ಕೊಟ್ಟು ಮಹಾಪುರುಷರನ್ನು ಕರೆಸಿಕೊಳ್ಳುವ ಬೆಲೆ ಶೇ. 25 ಕಡಿಮೆ. ಹಾಗಾಗಿ ಕೇಳಬೇಕಾದದ್ದು ಕಟ್ಟಬೇಕೇ ಎಂದಲ್ಲ, ಯಾವ ಊರಲ್ಲಿ ಎಂದು. ಡಿಸ್ಟ್ರಿಕ್ಟ್ ಸಂಖ್ಯೆ ಜನಸಂಖ್ಯೆಯ ಮೇಲೆ ನಿಂತಿದೆ: 1ಕ್ಕೆ ಒಂದು, 4ಕ್ಕೆ ಎರಡು, 7ಕ್ಕೆ ಮೂರು, 10ಕ್ಕೆ ನಾಲ್ಕು. ಅನ್ನ ಹೆಚ್ಚಿರುವ, 10 ಮುಟ್ಟುವ ಊರಿನಲ್ಲಿ ಕಟ್ಟಿ. ಪ್ರೊಡಕ್ಷನ್ ಇದೆಯೆಂದು ಬೆಟ್ಟಗಳ ನಡುವಿನ ಬಡ ಊರಿನಲ್ಲಿ ಕಟ್ಟಿದರೆ ಎರಡು ಡಿಸ್ಟ್ರಿಕ್ಟ್‌ಗೆ ನಿಂತುಬಿಡುತ್ತದೆ. ಅಕ್ವಡಕ್ಟ್, ನೇಬರ್‌ಹುಡ್ ಲೆಕ್ಕಕ್ಕಿಲ್ಲ, ಅವುಗಳಿಗೆ ಮಹಾಪುರುಷರ ಅಂಕವೇ ಇಲ್ಲ.

ಜಾಗ ಗುಡ್ಡವಾಗಿರಬೇಕು. ಈ ನಿಯಮ ಮಾತ್ರ ಪ್ರಾಮಾಣಿಕ: ಡೆಲ್ಫಿಯ ಅಪೋಲೋ ಗುಡಿ ಪಾರ್ನಾಸಸ್ ಬೆಟ್ಟದ ಇಳಿಜಾರಿನಲ್ಲೇ ಇದೆ, ಪೈಥಿಯಾ ಎಂಬ ಪೂಜಾರಿಣಿ ಅಲ್ಲಿ ಕೂತು ದೈವದ ಮಾತು ಹೇಳುತ್ತಿದ್ದಳು. ಗುಡ್ಡದ ಮೇಲಿನ ದೇವರಿಗೆ ಹೋಗಿ ಅಪ್ಪಣೆ ಕೇಳುವುದು ನಮಗೂ ಹೊಸದಲ್ಲ. ಒರಾಕಲ್ ತೆರೆಯುವ ಮಿಸ್ಟಿಸಿಸಂ ಸಿವಿಕ್‌ಗೆ ಇನ್ಸ್‌ಪಿರೇಷನ್ ಬರುವುದು ಪ್ಯಾಂಥಿಯನ್ ಸ್ಥಾಪಿಸಿದಾಗ, ಆ ಹೊತ್ತಿಗೆ ಗಾಡ್-ಕಿಂಗ್ ಕೆಲಸ ಮುಗಿದಿರುತ್ತದೆ, ಕಾರ್ಡ್ ಬದಲಿಸಿ ಕೋರ್ವೇ ಹಾಕಿ. 10 ಪ್ರೊಡಕ್ಷನ್ ನಗರದಲ್ಲಿ 29 ಟರ್ನ್ ಇದ್ದದ್ದು 26 ಆಗುತ್ತದೆ.

ಪ್ರಶ್ನೆ: ಆರ್ಟೆಮಿಸ್ ಗುಡಿ ಮತ್ತು ಜ್ಯೂಸ್ ವಿಗ್ರಹ, ಎರಡರಲ್ಲಿ ಯಾವುದು ಮೊದಲು? ಎರಡೂ ಗ್ರೀಸ್‌ನಲ್ಲೇ ಇದ್ದವೇ? (ಕೋರಮಂಗಲ)

ಆರ್ಟೆಮಿಸ್ ಗುಡಿ ಇದ್ದದ್ದು ಎಫೆಸಸ್‌ನಲ್ಲಿ, ಇಂದಿನ ಟರ್ಕಿಯ ಏಷ್ಯಾ ಭಾಗ. ಗ್ರೀಕರದ್ದು ಹೌದು, ಯುರೋಪಿನದ್ದಲ್ಲ. ಕ್ರಿ.ಪೂ. 356ರಲ್ಲಿ ಹೆಸರು ಮಾಡುವ ಹುಚ್ಚಿನಲ್ಲಿ ಹೆರೋಸ್ಟ್ರಾಟಸ್ ಎಂಬುವನು ಅದಕ್ಕೆ ಬೆಂಕಿಯಿಟ್ಟ. ಮತ್ತೆ ಕಟ್ಟಿದ್ದೂ ಉಳಿಯಲಿಲ್ಲ. ಈಗ ಅಲ್ಲಿ ಚೂರುಗಳನ್ನು ಪೇರಿಸಿ ನಿಲ್ಲಿಸಿದ ಒಂದು ಕಂಬ ಇದೆ, ಅಷ್ಟೆ.

ಆಟದಲ್ಲಿ ಮಾತ್ರ ಇದು ತುಂಬ ಅಗ್ಗದ ವಂಡರ್: 180 ಪ್ರೊಡಕ್ಷನ್, ಆರ್ಚರಿ ಕಲಿತರೆ ಸಾಕು. 4 ಅನ್ನ, 3 ಹೌಸಿಂಗ್, ಜೊತೆಗೆ ನಾಲ್ಕು ಟೈಲ್ ಸುತ್ತಳತೆಯ ಪ್ರತಿ ಕ್ಯಾಂಪ್, ಪಾಶ್ಚರ್, ಪ್ಲಾಂಟೇಷನ್‌ಗೆ ಒಂದು ಅಮೆನಿಟಿ (ಜನರ ಸಂತೋಷದ ಅಂಕ). ಷರತ್ತು ಒಂದೇ, ಪಕ್ಕದಲ್ಲಿ ಕ್ಯಾಂಪ್ ಇರಬೇಕು. ಬೇಟೆಯ ದೇವತೆಯ ಗುಡಿಗೆ ಬೇಟೆಗಾರರ ಬಿಡಾರ ಬೇಕೆನ್ನುವುದು ಸರಿಯಾಗಿಯೇ ಇದೆ. ಎಡವುವುದು ಕ್ರಮದಲ್ಲಿ: ಜಿಂಕೆಯೋ ಆನೆಯೋ ಇರುವ ಟೈಲ್ ಇದ್ದರೆ ಸಾಲದು, ಆನಿಮಲ್ ಹಸ್ಬೆಂಡ್ರಿ ಕಲಿತು ಬಿಲ್ಡರ್‌ನಿಂದ ಕ್ಯಾಂಪ್ ಹಾಕಿಸಿದ ಮೇಲೆಯೇ ಪಟ್ಟಿಯಲ್ಲಿ ಬರುತ್ತದೆ. ಆರ್ಚರಿಯ ಹಿಂದೆ ಓಡಿ ಬಿಲ್ಡರ್‌ನನ್ನು ಮರೆತವರು ಬಹಳ.

ಜ್ಯೂಸ್ ವಿಗ್ರಹಕ್ಕೆ ಬ್ಯಾರಕ್ಸ್ ಇರುವ ಎನ್‌ಕ್ಯಾಂಪ್‌ಮೆಂಟ್ (ಸೇನೆಯ ಡಿಸ್ಟ್ರಿಕ್ಟ್) ಪಕ್ಕದ ಸಮತಟ್ಟು ಬೇಕು. ಮೂರು ಭರ್ಜಿಯವರು, ಮೂರು ಬಿಲ್ಲಾಳು, ಒಂದು ಬ್ಯಾಟರಿಂಗ್ ರ್‍ಯಾಮ್ ಒಮ್ಮೆಗೇ ಸಿಗುತ್ತವೆ. ನೆರೆಯವನ ಮೇಲೆ ದಂಡೆತ್ತುವ ಯೋಚನೆ ಇದ್ದರೆ ಮಾತ್ರ ಕಟ್ಟಿ. ನಮಗೆ ಈ ನಿಯಮ ಹಿಡಿಸಿಲ್ಲ. ವಿಗ್ರಹವಿದ್ದ ಗ್ರೀಸ್‌ನ ಒಲಿಂಪಿಯಾ ಸೇನೆಯ ಊರಲ್ಲ. ಕ್ರೀಡೆಗಳ ಹೊತ್ತಿಗೆ ಪವಿತ್ರ ಕದನವಿರಾಮ ಸಾರುತ್ತಿದ್ದ ಊರು. ಫಿಡಿಯಾಸ್ ಮಾಡಿದ ಸುಮಾರು 12 ಮೀಟರ್ ಎತ್ತರದ ಆ ದಂತ ಮತ್ತು ಚಿನ್ನದ ವಿಗ್ರಹದ ಪಕ್ಕ ಬ್ಯಾರಕ್ಸ್ ಕಟ್ಟಿಸುವುದು ದೇವಸ್ಥಾನದ ಆವರಣದಲ್ಲಿ ಪೊಲೀಸ್ ಕ್ವಾರ್ಟರ್ಸ್ ಕಟ್ಟಿದಂತೆ.

ಪ್ರಶ್ನೆ: ಧಾರ್ಮಿಕ ಗೆಲುವಿಗೆ ಮೋಂ ಸೇಂಟ್ ಮಿಷೆಲ್ ಒಳ್ಳೆಯದೋ, ಹಾಗಿಯಾ ಸೋಫಿಯಾ ಒಳ್ಳೆಯದೋ? (ಹೆಬ್ಬಾಳ)

ಧಾರ್ಮಿಕ ಗೆಲುವಿಗೆ ಹಾಗಿಯಾ ಸೋಫಿಯಾ. ಮೋಂ ಸೇಂಟ್ ಮಿಷೆಲ್ ಸಂಸ್ಕೃತಿಯ ಗೆಲುವಿನ ವಂಡರ್, ಧರ್ಮದ ವೇಷ ಹಾಕಿದೆ ಅಷ್ಟೆ.

ಹಾಗಿಯಾ ಸೋಫಿಯಾ ಮಿಷನರಿ ಮತ್ತು ಅಪೋಸಲ್‌ಗೆ (ಮಿಷನರಿಗಿಂತ ಮೇಲಿನ ಧರ್ಮಪ್ರಚಾರಕ) ಒಂದು ಸಲ ಹೆಚ್ಚು ಧರ್ಮ ಹರಡುವ ಶಕ್ತಿ ಕೊಡುತ್ತದೆ. ಮಿಷನರಿಗೆ ಮೂರಿದ್ದದ್ದು ನಾಲ್ಕು ಆಗುತ್ತದೆ, ಅಂದರೆ ಅದೇ ಫೇತ್‌ಗೆ ಮೂರನೇ ಒಂದು ಭಾಗ ಹೆಚ್ಚು ಕೆಲಸ. ಮಾಸ್ಕ್ (ಮಸೀದಿ) ಇರುವ ಊರಿನಿಂದ ಕೊಂಡರೆ ಐದು. 537ರಲ್ಲಿ ಮುಗಿದ ಚರ್ಚ್, 1453ರ ನಂತರ ಮಸೀದಿಯಾದ ಕಟ್ಟಡಕ್ಕೆ ಈ ಜೋಡಿ ಚೆನ್ನಾಗಿ ಹೊಂದುತ್ತದೆ. ಹೋಲಿ ಸೈಟ್ ಪಕ್ಕದ ಸಮತಟ್ಟು ಬೇಕು, ಧರ್ಮ ನಿಮ್ಮದೇ ಸ್ಥಾಪನೆಯಾಗಿರಬೇಕು. ಹೋಲಿ ಸೈಟ್ ಇಡುವಾಗಲೇ ಪಕ್ಕದ ಒಂದು ಟೈಲ್ ಖಾಲಿ ಬಿಡಿ. ಬೆಟ್ಟಗಳ ಅಂಚಿಗೆ ಹೋಲಿ ಸೈಟ್ ಇಟ್ಟರೆ ಫೇತ್ ಜಾಸ್ತಿ ಬರುತ್ತದೆ ಎಂದು ಮೂರು ಕಡೆ ಪರ್ವತ, ಉಳಿದ ಕಡೆ ಹೊಲ ತುಂಬಿಸಿ ಕೊನೆಗೆ ವಂಡರ್‌ಗೆ ಜಾಗ ಇಲ್ಲವೆನ್ನುವ ಪತ್ರಗಳೇ ನಾಲ್ಕು ಬಂದಿವೆ. ಮಿಷನರಿಗಳನ್ನು ಕಟ್ಟಡ ಮುಗಿದ ಮೇಲೆ ಕೊಳ್ಳಿ.

ಮೋಂ ಸೇಂಟ್ ಮಿಷೆಲ್ ಎಲ್ಲ ಅಪೋಸಲ್‌ಗಳಿಗೆ ಮಾರ್ಟರ್ ಗುಣ ಕೊಡುತ್ತದೆ: ಧರ್ಮಯುದ್ಧದಲ್ಲಿ ಸತ್ತರೆ ಒಂದು ರೆಲಿಕ್ (ಪ್ರವಾಸಿಗರನ್ನು ಸೆಳೆಯುವ ಪವಿತ್ರ ವಸ್ತು) ಸಿಗುತ್ತದೆ. ಈ ವಂಡರ್‌ನಲ್ಲಿ ಎರಡು ರೆಲಿಕ್ ಇಡಬಹುದು, ಪ್ರತಿ ಟೆಂಪಲ್‌ನಲ್ಲಿ ಒಂದು. ಖಾಲಿ ಖಾನೆ ಎಣಿಸಿಕೊಂಡೇ ಅಪೋಸಲ್ ಕಳಿಸಿ, ಇಡಲು ಜಾಗವಿಲ್ಲದಿದ್ದರೆ ಸತ್ತದ್ದು ದಂಡ. ನಿಮ್ಮ ಊರುಗಳ ಪಕ್ಕದಲ್ಲಿ ಸಾಯಿಸಬೇಡಿ, ಸೋತ ಧರ್ಮದ ಪ್ರಭಾವ ಸುತ್ತಲ ಊರುಗಳಲ್ಲಿ ತಗ್ಗುತ್ತದೆ. ಜಾಗ ಫ್ಲಡ್‌ಪ್ಲೇನ್ ಅಥವಾ ಮಾರ್ಷ್, ಎಂದರೆ ನೆರೆಬಯಲು ಅಥವಾ ಜೌಗು. ನಾರ್ಮಂಡಿ ಕರಾವಳಿಯ ಆ ದ್ವೀಪದ ಸುತ್ತ ಭರತ ಬಂದಾಗ ಸಮುದ್ರ, ಇಳಿದಾಗ ಕೆಸರು, ಅದಕ್ಕೇ ಈ ನಿಯಮ. ಆಟದ ಆರಂಭದಲ್ಲಿ ಜೌಗು ಕಂಡ ಕೂಡಲೇ ಒಣಗಿಸಿ ಹೊಲ ಮಾಡುವ ಅಭ್ಯಾಸ ಇದ್ದರೆ, ಕೆರೆ ಮುಚ್ಚಿ ಲೇಔಟ್ ಮಾಡಿದ ಊರಿನವರಿಗೆ ಮುಂದೇನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ಏಜ್ ಆಫ್ ಎಂಪೈರ್ಸ್ 2ರಲ್ಲಿ ವಂಡರ್ ಕಟ್ಟಲು ಎಷ್ಟು ವಿಲೇಜರ್ (ಕೆಲಸಗಾರರು) ಹಾಕಬೇಕು? ನಾನು 40 ಜನರನ್ನು ಹಾಕಿದೆ, ಆದರೂ ಸೋತೆ. (ವಿಜಯನಗರ)

20 ಸಾಕು. ಒಬ್ಬನೇ ಕಟ್ಟಿದರೆ ಆಟದ ಗಡಿಯಾರದಲ್ಲಿ 3500 ಸೆಕೆಂಡು. ಹೆಚ್ಚು ಜನ ಸೇರಿದಾಗ ಸೂತ್ರ ಹೀಗೆ: ಒಬ್ಬನ ಸಮಯವನ್ನು ಮೂರರಿಂದ ಗುಣಿಸಿ, ಜನರ ಸಂಖ್ಯೆಗೆ ಎರಡು ಸೇರಿಸಿ ಭಾಗಿಸಿ. 10 ಜನಕ್ಕೆ 875 ಸೆಕೆಂಡು, 20 ಜನಕ್ಕೆ 477, 40 ಜನಕ್ಕೆ 250. ಹತ್ತರಿಂದ ಇಪ್ಪತ್ತಕ್ಕೆ ಏರಿದಾಗ ಉಳಿದದ್ದು 398 ಸೆಕೆಂಡು, ಇಪ್ಪತ್ತರಿಂದ ನಲವತ್ತಕ್ಕೆ ಬರೀ 227. ಆ ಇಪ್ಪತ್ತು ಜನ ಕೋಟೆ ಕಟ್ಟಿದ್ದರೆ, ಚಿನ್ನ ಅಗೆದಿದ್ದರೆ ನೀವು ಉಳಿಯುತ್ತಿದ್ದಿರಿ.

ವೆಚ್ಚ ಮರ, ಕಲ್ಲು, ಚಿನ್ನ ತಲಾ 1000. ಸಾಮಾನ್ಯವಾಗಿ ತಡೆಯುವುದು ಕಲ್ಲು, ಏಕೆಂದರೆ ಅದೇ ಕಲ್ಲು ಕೋಟೆಗಳಿಗೂ ಬೇಕು. ಮೊದಲು ಎರಡು ಕೋಟೆ, ನಂತರ ವಂಡರ್. ಕಟ್ಟಿ ಮುಗಿದ ಮೇಲೆಯೇ ನಿಜವಾದ ಆಟ ಶುರು, ಮೇಲೆ ಕಾಣುವ ವರ್ಷಗಳ ಎಣಿಕೆ ಸೊನ್ನೆಗೆ ಇಳಿಯುವವರೆಗೆ ಅದು ನಿಂತಿರಬೇಕು. ಟ್ರೆಬುಷೆಟ್ (ಕಲ್ಲೆಸೆಯುವ ಯಂತ್ರ) 16 ಟೈಲ್ ದೂರದಿಂದ ಹೊಡೆಯುತ್ತದೆ, ಆದ್ದರಿಂದ ಗೋಡೆಗೆ ತಾಗಿಸಿ ಕಟ್ಟಬೇಡಿ. ಹೊರಗೋಡೆಯಿಂದ 20 ಟೈಲ್ ಒಳಗೆ, ನಕ್ಷೆಯ ಮೂಲೆಯ ಕಡೆಗೆ ಇಡಿ.

ಯಾವ ಜನಾಂಗ ಆಡಿದರೆ ಯಾವ ಕಟ್ಟಡ ವಂಡರ್ ಎಂದು ಇನ್ನೊಬ್ಬರು ಕೇಳಿದ್ದರು. ಗಾಥರಿಗೆ ರವೆನ್ನಾದ ಥಿಯೊಡೊರಿಕ್ ಸಮಾಧಿ, ವೈಕಿಂಗರಿಗೆ ನಾರ್ವೆಯ ಬೋರ್ಗುಂಡ್ ಮರದ ಚರ್ಚ್, ಕೆಲ್ಟರಿಗೆ ಐರ್ಲೆಂಡಿನ ರಾಕ್ ಆಫ್ ಕ್ಯಾಶೆಲ್, ಬೈಜಾಂಟೈನರಿಗೆ ಹಾಗಿಯಾ ಸೋಫಿಯಾ. ನೋಟ ಬೇರೆ, ಬೆಲೆ ಒಂದೇ.

ಪ್ರಶ್ನೆ: ಕರೆಂಟ್ ಹೋದಾಗ ಮನೆಯಲ್ಲಿ '7 ವಂಡರ್ಸ್' ಬೋರ್ಡ್ ಆಟ ಆಡುತ್ತೇವೆ. ಎಫೆಸಸ್ ಕಟ್ಟಲು ಕಲ್ಲು ಖರ್ಚು ಮಾಡಿದ ಮೇಲೆ ಅದೇ ಕಲ್ಲು ಮತ್ತೆ ಬಳಸಬಹುದೇ ಎಂದು ದಿನಾ ಜಗಳ. (ಜಯನಗರ)

ಬಳಸಬಹುದು. ಕಂದು, ಬೂದು ಕಾರ್ಡ್‌ಗಳ ಸಂಪನ್ಮೂಲ ಖರ್ಚಾಗುವುದೇ ಇಲ್ಲ, ಪ್ರತಿ ಸರದಿಗೂ ಇರುತ್ತದೆ. ಖರ್ಚಾಗುವುದು ನಾಣ್ಯ ಮಾತ್ರ. ಎಡ ಬಲ ಕೂತವರಿಂದ ಕೊಳ್ಳಲು ಒಂದಕ್ಕೆ 2 ನಾಣ್ಯ. ಕೊಟ್ಟವರಿಗೂ ಅದು ಕಡಿಮೆಯಾಗುವುದಿಲ್ಲ, ಬೇಡ ಎನ್ನುವ ಹಕ್ಕೂ ಇಲ್ಲ. ಎದುರಿಗೆ ಕೂತವರಿಂದ ಕೊಳ್ಳುವಂತಿಲ್ಲ. ಮೊದಲ ಮುದ್ರಣದ ಎಫೆಸಸ್ 'ಎ' ಬದಿಯಲ್ಲಿ ಎರಡು ಕಲ್ಲಿಗೆ 3 ಅಂಕ, ಎರಡು ಮರಕ್ಕೆ 9 ನಾಣ್ಯ, ಎರಡು ಪಪೈರಸ್‌ಗೆ 7 ಅಂಕ. ಎರಡನೆಯ ಹಂತವನ್ನು ಮೊದಲ ಯುಗದಲ್ಲೇ ಮುಗಿಸಿದರೆ ಆ 9 ನಾಣ್ಯ ಉಳಿದ ಆಟವನ್ನೆಲ್ಲ ಸಾಕುತ್ತದೆ. ಹಂತ ಕಟ್ಟಲು ಮಗುಚಿಡುವ ಕಾರ್ಡ್‌ಗೆ ನಿಮಗೆ ಬೇಡದ, ಆದರೆ ಪಕ್ಕದವರಿಗೆ ಬೇಕಾದ ಕಾರ್ಡನ್ನೇ ಆರಿಸಿ.

ಪ್ರಶ್ನೆ: ಐರ್ಲೆಂಡಿನ ನ್ಯೂಗ್ರೇಂಜ್ ಸಿವ್ 6ರಲ್ಲಿ ವಂಡರ್ ಆಗಿಲ್ಲ. ಮಾಡ್ (ಆಟಕ್ಕೆ ಆಟಗಾರರೇ ಸೇರಿಸುವ ಭಾಗ) ಆಗಿ ನಾನೇ ಸೇರಿಸಬಹುದೇ? ಒಮ್ಮೆ ಪ್ರಯತ್ನಿಸಿದೆ, ಮಾಡ್ ಆನ್ ಆಗುತ್ತದೆ, ಆಟದಲ್ಲಿ ಏನೂ ಕಾಣುವುದಿಲ್ಲ. (ಯಲಹಂಕ)

ಸೇರಿಸಬಹುದು, ಸೇರಿಸಲೇಬೇಕಾದ ಜಾಗ ಕೂಡ. ಬಾಯ್ನ್ ನದಿಯ ಬಳಿಯ ಆ ದಿಬ್ಬ ಸುಮಾರು ಕ್ರಿ.ಪೂ. 3200ರದ್ದು, ಗಿಜಾ ಪಿರಮಿಡ್‌ಗಿಂತ ಹಳೆಯದು. ಅಡ್ಡಳತೆ ಸುಮಾರು 85 ಮೀಟರ್, ಒಳಗೆ 19 ಮೀಟರ್ ಉದ್ದದ ಓಣಿ. ಡಿಸೆಂಬರ್ 21ರ ಆಸುಪಾಸು, ಹಗಲು ಅತಿ ಚಿಕ್ಕದಾದ ದಿನಗಳಲ್ಲಿ, ಬಾಗಿಲ ಮೇಲಿನ ಕಿಂಡಿಯಿಂದ ಬೆಳಗಿನ ಬಿಸಿಲು ಒಳಕೋಣೆಯವರೆಗೆ ಹೋಗಿ ಸುಮಾರು 17 ನಿಮಿಷ ನಿಲ್ಲುತ್ತದೆ. ಸಂಕ್ರಾಂತಿಯ ಸಂಜೆ ಗವಿಗಂಗಾಧರೇಶ್ವರನ ಸನ್ನಿಧಿಯಲ್ಲಿ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಲಿಂಗ ಮುಟ್ಟುವುದನ್ನು ಕಂಡವರಿಗೆ ಇದರ ರೋಮಾಂಚನ ವಿವರಿಸಬೇಕಿಲ್ಲ.

ಕೆಲಸ ಹೀಗೆ. ಸ್ಟೀಮ್ ಲೈಬ್ರರಿಯಲ್ಲಿ 'ಟೂಲ್ಸ್' ಆರಿಸಿ ಸಿವ್ 6 ಡೆವಲಪ್‌ಮೆಂಟ್ ಟೂಲ್ಸ್ ಹಾಕಿಕೊಳ್ಳಿ, ಅದರೊಳಗೆ ಮಾಡ್ ತಯಾರಿಸುವ ಮಾಡ್‌ಬಡ್ಡಿ ಇರುತ್ತದೆ. ಹೊಸ ಪ್ರಾಜೆಕ್ಟ್ ತೆರೆಯಿರಿ. ಆಟದ ಮೂಲ ಫೈಲ್‌ಗಳನ್ನು ತಿದ್ದಲು ಹೋಗಬೇಡಿ, ಮುಂದಿನ ಅಪ್‌ಡೇಟ್ ಎಲ್ಲವನ್ನೂ ಅಳಿಸುತ್ತದೆ. ಓದಲು ಮಾತ್ರ ಮೂಲದ 'ಬಿಲ್ಡಿಂಗ್ಸ್' ಎಕ್ಸ್‌ಎಂಎಲ್ ಫೈಲ್ ತೆರೆದಿಟ್ಟುಕೊಳ್ಳಿ. ಕಾಲಂಗಳ ಹೆಸರು ನೆನಪಿಟ್ಟು ಬರೆಯುವುದಕ್ಕಿಂತ, ನಿಮ್ಮ ವಂಡರ್‌ಗೆ ಹತ್ತಿರವಾದ ಒಂದನ್ನು ನಕಲು ಮಾಡಿ ತಿದ್ದುವುದು ಒಳ್ಳೆಯದು. ನ್ಯೂಗ್ರೇಂಜ್‌ಗೆ ನದಿಯ ಪಕ್ಕ ಬೇಕಾದ್ದರಿಂದ ಹ್ಯಾಂಗಿಂಗ್ ಗಾರ್ಡನ್ಸ್ ಸಾಲನ್ನು ತೆಗೆದುಕೊಳ್ಳಿ. (ಗವಿಪುರದ್ದನ್ನೇ ಮಾಡುವುದಾದರೆ ಪೊಟಾಲಾ ಪ್ಯಾಲೇಸ್ ಸಾಲು: ಗುಡ್ಡ, ಪಕ್ಕದಲ್ಲಿ ಪರ್ವತ.)

ಬೇಕಾದ ಸಾಲುಗಳು ಐದು ಕಡೆ. ಮೊದಲು 'ಟೈಪ್ಸ್' ಟೇಬಲ್‌ನಲ್ಲಿ ಹೊಸ ಹೆಸರನ್ನು ಕಟ್ಟಡ ಎಂದು ನೋಂದಾಯಿಸಿ. ಆಮೇಲೆ 'ಬಿಲ್ಡಿಂಗ್ಸ್' ಟೇಬಲ್‌ನಲ್ಲಿ ವೆಚ್ಚ, ಬೇಕಾದ ವಿದ್ಯೆ, ವಂಡರ್ ಹೌದೆಂಬ ಗುರುತು, ನಕ್ಷೆಯಲ್ಲಿ ಜಾಗ ಬೇಕೆಂಬ ಗುರುತು, ಲೋಕದಲ್ಲಿ ಒಂದೇ ಇರಬೇಕೆಂಬ ಮಿತಿ. ಈ ಕೊನೆಯದನ್ನು ಬಿಟ್ಟರೆ ಪ್ರತಿ ರಾಜ್ಯದಲ್ಲೂ ಒಂದೊಂದು ನ್ಯೂಗ್ರೇಂಜ್ ಎದ್ದೀತು. ಮೂರನೆಯದು ಯಾವ ನೆಲ ಎಂಬ ಟೇಬಲ್. ಹುಲ್ಲುಬಯಲು, ಹುಲ್ಲಿನ ಗುಡ್ಡ ಎರಡೂ ಬೇಕಿದ್ದರೆ ಎರಡು ಸಾಲು, ಆಟಕ್ಕೆ ಅವು ಬೇರೆ ಬೇರೆ ನೆಲಗಳು. ನಾಲ್ಕನೆಯದು ಫಲ: 2 ಫೇತ್, ಬೇಕಿದ್ದರೆ ಗ್ರೇಟ್ ಪರ್ಸನ್ ಅಂಕಗಳ ಟೇಬಲ್‌ನಲ್ಲಿ 2 ಪ್ರಾಫೆಟ್ ಅಂಕ. ಮೊದಲ ಸಲಕ್ಕೆ ಇಷ್ಟೇ ಸಾಕು, ಮಾಡಿಫೈಯರ್‌ಗಳ ಗೊಂದಲಕ್ಕೆ ಇಳಿಯಬೇಡಿ. ಐದನೆಯದು ಹೆಸರು ಮತ್ತು ವಿವರಣೆಯ ಪಠ್ಯ. ವೆಚ್ಚ 180ಕ್ಕಿಂತ ಕಡಿಮೆ ಇಡಬೇಡಿ, ಪ್ರಾಫೆಟ್ ಅಂಕ ಅಗ್ಗವಾದರೆ ಹೋಲಿ ಸೈಟ್ ಕಟ್ಟುವವರೇ ಇರುವುದಿಲ್ಲ.

ನಿಮ್ಮ ತೊಂದರೆ ಹೆಚ್ಚಾಗಿ ಇದರ ನಂತರದ ಹಂತದ್ದು. ಫೈಲ್ ಪ್ರಾಜೆಕ್ಟ್‌ನಲ್ಲಿದ್ದರೆ ಸಾಲದು. ಪ್ರಾಜೆಕ್ಟ್ ಪ್ರಾಪರ್ಟೀಸ್‌ನ 'ಇನ್-ಗೇಮ್ ಆ್ಯಕ್ಷನ್ಸ್'ನಲ್ಲಿ ಡೇಟಾ ಫೈಲ್ ಅನ್ನು 'ಅಪ್‌ಡೇಟ್ ಡೇಟಾಬೇಸ್' ಅಡಿ, ಪಠ್ಯದ ಫೈಲ್ ಅನ್ನು 'ಅಪ್‌ಡೇಟ್ ಟೆಕ್ಸ್ಟ್' ಅಡಿ ಸೇರಿಸಬೇಕು. ಸೇರಿಸದಿದ್ದರೆ ಮಾಡ್ ಆನ್ ಆಗುತ್ತದೆ, ಏನೂ ಮಾಡುವುದಿಲ್ಲ, ನೀವು ಬರೆದಿರುವ ಲಕ್ಷಣ ಅದೇ. ಅದು ಸರಿಯಿದ್ದರೂ ಕಾಣದಿದ್ದರೆ ಆಟದ 'ಲಾಗ್ಸ್' ಫೋಲ್ಡರ್‌ನ ಡೇಟಾಬೇಸ್ ಲಾಗ್ ತೆರೆಯಿರಿ. 'ಫಾರಿನ್ ಕೀ' ತಪ್ಪು ಎಂದಿದ್ದರೆ ಟೈಪ್ಸ್ ಸಾಲು ಬಿಟ್ಟುಹೋಗಿದೆ ಅಥವಾ ಒಂದು ಕಡೆ ಕಾಗುಣಿತ ತಪ್ಪಿದೆ. 'ಯುನೀಕ್' ತಪ್ಪು ಎಂದಿದ್ದರೆ ಅದೇ ಹೆಸರಿನ ಸಾಲು ಎರಡು ಸಲ ಬಂದಿದೆ, ನಕಲು ಮಾಡಿದ ಸಾಲಿನ ಹೆಸರು ಬದಲಿಸದೆ ಬಿಟ್ಟಾಗ ಆಗುವುದು ಇದೇ. ಹೊಸ ಆಟ ಶುರುಮಾಡಿ ಪರೀಕ್ಷಿಸಿ, ಹಳೆಯ ಸೇವ್‌ಗೆ ಮಾಡ್ ಸೇರುವುದಿಲ್ಲ. ಮೂರು ಆಯಾಮದ ಆಕೃತಿಗೆ ಆರ್ಟ್‌ಡೆಫ್ ಎಂಬ ಬೇರೆಯೇ ಫೈಲ್ ಬೇಕು. ಅದಿಲ್ಲದೆ ವಂಡರ್ ಫಲ ಕೊಡುತ್ತದೆ, ನೆಲ ಮಾತ್ರ ಬೋಳಾಗಿ ಕಾಣಬಹುದು. ಅದು ದೋಷವಲ್ಲ, ಗಾಬರಿಯಾಗಬೇಡಿ.

ಪ್ರಶ್ನೆ: ಸಿವ್ 6ರ ವಂಡರ್ ಪಟ್ಟಿಯಲ್ಲಿ ಪಾರ್ಥೆನಾನ್ ಯಾಕಿಲ್ಲ? (ಬನಶಂಕರಿ)

ಸಿವ್ 5ರಲ್ಲಿ ವಂಡರ್ ಆಗಿತ್ತು. ಸಿವ್ 6ರಲ್ಲಿ ಅದು ನಿಂತಿರುವ ಬೆಟ್ಟವೇ ಗ್ರೀಕರ ಸ್ವಂತ ಡಿಸ್ಟ್ರಿಕ್ಟ್ ಆಗಿದೆ: ಥಿಯೇಟರ್ ಸ್ಕ್ವೇರ್ ಬದಲಿಗೆ ಅಕ್ರೋಪೊಲಿಸ್, ಗುಡ್ಡದ ಮೇಲೆ ಮಾತ್ರ ಕಟ್ಟಬಹುದು. ಒರಾಕಲ್‌ಗೂ ಗುಡ್ಡವೇ ಬೇಕು. ಗ್ರೀಸ್ ಆಡುವಾಗ ರಾಜಧಾನಿಯ ಬಳಿ ಒಂದಕ್ಕೊಂದು ತಾಗಿದ ಎರಡು ಗುಡ್ಡ ಕಂಡರೆ ಗಣಿ ತೋಡಬೇಡಿ. ಒಂದರಲ್ಲಿ ಅಕ್ರೋಪೊಲಿಸ್, ಪಕ್ಕದ್ದರಲ್ಲಿ ಒರಾಕಲ್ ಇಟ್ಟರೆ ಅಕ್ರೋಪೊಲಿಸ್‌ಗೆ ವಂಡರ್ ನೆರೆಯ ಕಲ್ಚರ್ ಸಿಗುತ್ತದೆ, ಒರಾಕಲ್‌ನಿಂದ ಅದೇ ಅಕ್ರೋಪೊಲಿಸ್‌ಗೆ ಮಹಾಪುರುಷರ ಅಂಕವೂ ಸಿಗುತ್ತದೆ.